ಫುಲ್ಕ್ರಾನನ ಆರುನೂರು ಮೀಟರು

ನಮ್ಮ ಕಡೆ ದ್ರಾಕ್ಷಿತೋಟದೊಳಗೆ ಸೈಕಲ್ ಓಡಿಸಲು ಅನುಮತಿ ಬೇಕೆಂದರೆ ಕಾಗದ ಬರೆಯುವಂತಿಲ್ಲ. ತೋಟದವನ ಮನೆಗೇ ಹೋಗಬೇಕು, ಅಡುಗೆಮನೆಯ ಮೇಜಿನ ಮುಂದೆ ಕೂರಬೇಕು, ಅವನು ಬಗ್ಗಿಸಿಕೊಟ್ಟ ವೈನು ಕುಡಿಯಬೇಕು. ಮಳೆ, ಮೊಣಕಾಲು ನೋವು, ಸೊಸೆ ಎಲ್ಲ ಮಾತಾಡಿ ಮುಗಿದು, ಎದ್ದು ಬಾಗಿಲ ಹತ್ತಿರ ಬಂದಾಗ, ಈಗ ತಾನೇ ನೆನಪಾದವರಂತೆ ಮೇ ತಿಂಗಳಲ್ಲಿ ಹುಡುಗರು ಈ ಕಡೆ ಹಾಯ್ದು ಹೋಗುತ್ತಾರೆ ಎನ್ನಬೇಕು. ಅವನು ಹೋಗಲಿ ಬಿಡು ಎನ್ನುತ್ತಾನೆ. ಅನುಮತಿ ಎಂದರೆ ಅಷ್ಟೇ. ಹುಡುಗರೆಂದರೆ ನೂರೈವತ್ತು ಜನ, ಅದರಲ್ಲಿ ಅರ್ಧಕ್ಕರ್ಧ ಪಿಂಚಣಿದಾರರು. ನಮ್ಮ ಜಲ್ಲಿದಾರಿ ಸೈಕಲ್ ಸಂಘದ ಸವಾರಿಗೆ ಇಂಥ ಇಪ್ಪತ್ತೆರಡು ಮನೆಗಳಿವೆ. ಪ್ರತಿ ವರ್ಷ ಇಪ್ಪತ್ತೆರಡು ಮನೆಗಳಲ್ಲೂ ಕುಡಿದು ಬರುವವನು ನಾನು, ಬಾತಿಸ್ತ್, ಸಂಘದ ಅಧ್ಯಕ್ಷ. ಮೂವತ್ತೈದು ವರ್ಷ ಇದೇ ಊರುಗಳಲ್ಲಿ ಅಂಚೆ ಹಂಚಿದವನು. ಇಲ್ಲಿನ ನಾಯಿಗಳಿಗೂ ನನ್ನ ಗುರುತಿದೆ, ಕೆಲವು ಇನ್ನೂ ಕ್ಷಮಿಸಿಲ್ಲ.

ನಿಜ ಹೇಳಬೇಕೆಂದರೆ ಮನೆಗಳು ಇಪ್ಪತ್ತಮೂರು. ಆ ಇಪ್ಪತ್ತಮೂರನೆಯದು ಫುಲ್ಕ್ರಾನನದು. ಮಿದಿ ಎಂಬ ಹಳೆಯ ದೋಣಿ ಕಾಲುವೆಯ ದಂಡೆಯಿಂದ ಗುಡ್ಡದ ದಾರಿಗೆ ಹೋಗಲು ಅವನ ತೋಟದ ನಡುವೆ ಆರುನೂರು ಮೀಟರ್ ಜಲ್ಲಿದಾರಿ ಇದೆ. ಅದಕ್ಕೆ ಅವನು ಸರಪಳಿ ಹಾಕಿ ಹತ್ತು ವರ್ಷವಾಗಿದೆ. ಅಲ್ಲಿಂದೀಚೆಗೆ ನಾವು ಸುತ್ತಿ ಬಳಸಿ ಎರಡು ಕಿಲೋಮೀಟರ್ ಹೆದ್ದಾರಿಯಲ್ಲಿ ಹೋಗುತ್ತಿದ್ದೆವು. ಕಳೆದ ವರ್ಷ ಅಲ್ಲೊಂದು ಲಾರಿ ಒಬ್ಬಾಕೆಯ ಹ್ಯಾಂಡಲ್ಲಿಗೆ ತಾಗಿಕೊಂಡೇ ಹೋಯಿತು. ಆಕೆ ಚರಂಡಿಗೆ ಬಿದ್ದು, ಎದ್ದು, ಲಾರಿಯವನ ಮೂರು ತಲೆಮಾರನ್ನು ಬೈದು ಮುಂದೆ ಹೋದಳು, ಸದ್ಯ ಏನೂ ಆಗಲಿಲ್ಲ. ಆದರೆ ಈ ಸಲ ಜಿಲ್ಲಾ ಕಚೇರಿಯವರು ಹೆದ್ದಾರಿಗೆ ಚಕ್ರ ತಾಗಿದರೆ ಸವಾರಿಯೇ ರದ್ದು ಎಂದುಬಿಟ್ಟರು. ಇದು ಇಪ್ಪತ್ತನೆಯ ಸವಾರಿ. ಮೊದಲನೆಯದರಲ್ಲಿ ನಾವು ಏಳು ಜನ ಇದ್ದೆವು, ದಾರಿಗೆ ಬಾಣದ ಗುರುತುಗಳನ್ನು ನಾನೇ ಸುಣ್ಣದಲ್ಲಿ ಬರೆದಿದ್ದೆ. ಅದು ನನ್ನ ಕಣ್ಣೆದುರೇ ನಿಂತುಹೋಗಲು ಬಿಡುವಂತಿರಲಿಲ್ಲ.

ಸರಪಳಿ ಯಾಕೆ ಬಿತ್ತೆಂಬುದು ನನಗೂ ನನ್ನ ಹೆಂಡತಿಗೂ ಮಾತ್ರ ಗೊತ್ತಿತ್ತು. ಫುಲ್ಕ್ರಾನನ ವೈನು ಬಹಳ ಕೆಟ್ಟದು. ಸುತ್ತಲ ನಾಲ್ಕೂರಿಗೆ ಗೊತ್ತು, ಹೇಳಿದವರಿಲ್ಲ. ಎಲ್ಲರೂ ಒಂದು ಲೋಟವನ್ನು ಕಣ್ಣುಮುಚ್ಚಿ ನುಂಗಿ, ಗಟ್ಟಿ ವೈನಪ್ಪಾ ಎಂದು ಹೊಗಳಿ, ಒಲೆಯ ಮೇಲೆ ಸಾರಿಟ್ಟು ಬಂದವರ ಹಾಗೆ ಎದ್ದು ಓಡುತ್ತಾರೆ. ಹನ್ನೊಂದು ವರ್ಷದ ಹಿಂದೆ ನಾನೂ ಬಾಯಿತುಂಬ ತೆಗೆದುಕೊಂಡೆ, ಗಂಟಲು ಬೇಡವೆಂದಿತು. ಅವನು ಬ್ರೆಡ್ ತೆಗೆಯಲು ಆ ಕಡೆ ತಿರುಗಿದಾಗ ಕಿಟಕಿಯ ಹೂಕುಂಡಕ್ಕೆ ಉಗಿದುಬಿಟ್ಟೆ. ವೈನಿನ ಮೇಳಗಳಲ್ಲಿ ಎಲ್ಲರೂ ರುಚಿ ನೋಡಿ ಉಗಿಯುತ್ತಾರೆ, ಅದಕ್ಕೆಂದೇ ಬಕೀಟು ಇಟ್ಟಿರುತ್ತಾರೆ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ಮನೆಯ ಮೇಜಿನ ಮೇಲಿನ ವೈನು ಉಗಿಯುವುದೆಂದರೆ ಮನೆಯವನ ಮುಖಕ್ಕೇ ಉಗಿದಂತೆ. ಅವನು ತಿರುಗಿ ನೋಡಿದಾಗ ನಾನು ಬಾಯಿ ಒರೆಸಿಕೊಳ್ಳುತ್ತಿದ್ದೆ. ಮರುವರ್ಷ ಅವನ ಮನೆಗೆ ಹೋಗಲು ಮುಖವಿಲ್ಲದೆ ರಿಜಿಸ್ಟರ್ ಕಾಗದ ಕಳಿಸಿದೆ. ಉತ್ತರವಾಗಿ ಸರಪಳಿ ಬಂತು.

ಈ ಫೆಬ್ರವರಿಯಲ್ಲಿ ನನ್ನ ಹೆಂಡತಿ ಒಡಿಲ್ ಬೆಳಗ್ಗೆಯೇ ನನ್ನ ಹೆಲ್ಮೆಟ್ಟನ್ನು ತಂದು ಎದುರಿಗಿಟ್ಟಳು. ಹೋಗುತ್ತೀಯೋ, ಅಧ್ಯಕ್ಷಗಿರಿ ಬಿಡುತ್ತೀಯೋ ಎಂದು ಕೇಳಿದಳು. ಬಾಗಿಲ ತನಕ ಬಂದು ಬುದ್ಧಿಯನ್ನೂ ಹೇಳಿದಳು.

"ಕುಡಿ, ಹೊಗಳು, ಎದ್ದು ಬಾ. ಆ ಕುಂಡದ ವಿಷಯ ಮಾತ್ರ ಬಾಯಿಬಿಡಬೇಡ, ಬಾತಿಸ್ತ್. ನಿನ್ನ ಬಾಯಿ ನನಗೆ ಗೊತ್ತು."

ಸಿಟ್ಟಿನಲ್ಲಿ ತಿಂಡಿ ತಿನ್ನದೆ ಹೊರಟೆ. ಅದೇ ನಾನು ಮಾಡಿದ ದೊಡ್ಡ ತಪ್ಪು. ಕಾಲುವೆಯ ದಂಡೆಯ ಮೇಲೆ ಹದಿನಾಲ್ಕು ಕಿಲೋಮೀಟರ್, ಉದ್ದಕ್ಕೂ ಎದುರುಗಾಳಿ. ಮರದ ಬೇರುಗಳು ಒಂದೊಂದಾಗಿ ನನ್ನ ಬೆನ್ನುಹುರಿಯನ್ನು ಎಣಿಸಿದವು. ದಪ್ಪ ಚಕ್ರದ ಸೈಕಲ್ಲಾದರೇನು, ಕೂತವನ ವಯಸ್ಸು ಅರವತ್ತೇಳು. ಎರಡನೇ ತೂಬಿನ ಹತ್ತಿರ ಎಡಕ್ಕೆ ಹೊರಳಿ ದ್ರಾಕ್ಷಿಸಾಲುಗಳ ನಡುವೆ ಸಾಗಿದೆ. ಸಾಲಿನ ತುದಿಗಳಲ್ಲೆಲ್ಲ ಕತ್ತರಿಸಿದ ಕಡ್ಡಿಗಳ ಕಟ್ಟುಗಳಿದ್ದವು. ಫುಲ್ಕ್ರಾನನ ಸರಪಳಿ ಬಂದಾಗ ಇಳಿದು, ಸೈಕಲ್ಲನ್ನು ಅದರ ಮೇಲೆ ಎತ್ತಿ ದಾಟಿಸಿದೆ. ಆಚೆ ದಾರಿ ಎಷ್ಟು ಚೆನ್ನಾಗಿತ್ತೆಂದರೆ ಅಳು ಬಂತು. ಸಣ್ಣ ಜಲ್ಲಿ, ನೀರು ನಿಲ್ಲದ ನೆಲ, ಎದುರಿಗೆ ನೇರ ಗುಡ್ಡ. ಹತ್ತು ವರ್ಷ ಇದನ್ನು ಬಿಟ್ಟು ಲಾರಿಗಳ ಹೊಗೆ ಕುಡಿದೆವಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಫುಲ್ಕ್ರಾನ್ ಬಾಗಿಲು ತೆರೆದು, ಒಳಗೆ ಬಾ ಎಂದ. ಬಾಟಲಿ ಬಂತು, ಲೋಟ ಬಂತು. ಕಷಾಯ ಕುಡಿಯುವಂತೆ ಒಂದೇ ಗುಟುಕಿಗೆ ಮುಗಿಸಿದೆ. ನಾಲಿಗೆ ಒಳಕ್ಕೆ ಸೇದಿಕೊಂಡಿತು, ಕಿವಿಯಲ್ಲೇನೋ ಗುಂಯ್‌ಗುಟ್ಟಿತು. ನನಗೆ ಬಹಳ ಹಿಡಿಸಿತೆಂದು ತಿಳಿದು ಅವನು ಮತ್ತೆ ತುಂಬಿದ. ಅದನ್ನೂ ಬೇಗ ಮುಗಿಸಿ ಪಾರಾಗೋಣವೆಂದರೆ ಮೂರನೆಯದೂ ಬಂತು. ಖಾಲಿ ಹೊಟ್ಟೆ. ಗಟ್ಟಿ ವೈನಪ್ಪಾ ಎಂದೆ. ಅವನ ಮುಖ ಸ್ವಲ್ಪ ಸಡಿಲವಾಯಿತು.

ಬಾಗಿಲ ತನಕ ಹೋಗುವುದೇ ಬೇಕಾಗಲಿಲ್ಲ. ಅವನೇ ಜೇಬಿನಿಂದ ಸರಪಳಿಯ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟ.

"ಹನ್ನೊಂದು ವರ್ಷ ಆಯ್ತು ಕಣೋ ನೀನು ಬಂದು. ಕಾಗದ ಕಳಿಸ್ತೀಯಾ ನಂಗೆ? ನಾನೇನು ಆಫೀಸಾ? ಬಂದು ಕೇಳಿದ್ರೆ ಅವತ್ತೇ ಬಿಡ್ತಿದ್ದೆ."

ಕೈಗೆ ಬಂದಿತ್ತು ದಾರಿ. ತೆಗೆದುಕೊಂಡು ಎದ್ದಿದ್ದರೆ ಮುಗಿದಿತ್ತು. ಆದರೆ ಮೂರು ಲೋಟದ ವೈನು, ಇವನ ಒಳ್ಳೆಯ ಮಾತು ಎರಡೂ ಸೇರಿ ನನ್ನ ಎದೆ ತುಂಬಿ ಬಂತು. ಅವನ ಕೈ ಹಿಡಿದುಕೊಂಡು, ಆವತ್ತು ಕುಂಡಕ್ಕೆ ಉಗಿದದ್ದು ನನ್ನದೇ ತಪ್ಪು, ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಕ್ಷಮಿಸಿದೆಯಲ್ಲ, ನೀನು ದೊಡ್ಡ ಮನುಷ್ಯ ಎಂದೆ.

"ಯಾವ ಕುಂಡ?" ಎಂದ ಫುಲ್ಕ್ರಾನ್.

ಅವನಿಗೆ ಗೊತ್ತೇ ಇರಲಿಲ್ಲ. ನೋಡಿಯೇ ಇರಲಿಲ್ಲ. ನಾನು ಹನ್ನೊಂದು ವರ್ಷ ಸುಮ್ಮನೆ ತಲೆತಪ್ಪಿಸಿಕೊಂಡು ತಿರುಗಿದ್ದೆ. ಅವನು ಕಿಟಕಿಯನ್ನು ನೋಡಿದ, ನನ್ನನ್ನು ನೋಡಿದ, ಬೀಗದ ಕೈಯ ಮೇಲೆ ತನ್ನ ಅಂಗೈ ಇಟ್ಟ. ಆ ಅಂಗೈ ಕೆಳಗೆ ನನ್ನ ಇಪ್ಪತ್ತು ವರ್ಷವಿತ್ತು.

"ಯಾಕೆ ಉಗುದೆ?"

ಹಲ್ಲುನೋವಿತ್ತು ಎನ್ನಬಹುದಿತ್ತು. ನೊಣ ಬಿದ್ದಿತ್ತು ಎನ್ನಬಹುದಿತ್ತು, ನೊಣ ಇನ್ನೂ ಒಳ್ಳೆಯದು. ಆದರೆ ಆ ಮನುಷ್ಯನ ಕಣ್ಣು ನೋಡಿ ಸುಳ್ಳು ಬರಲಿಲ್ಲ.

"ಚೆನ್ನಾಗಿಲ್ಲ ಕಣೋ. ಆವತ್ತೂ ಚೆನ್ನಾಗಿರ್ಲಿಲ್ಲ, ಇವತ್ತೂ ಚೆನ್ನಾಗಿಲ್ಲ. ಹುಳಿ. ಬಾಯಿಗಿಡಕ್ಕಾಗಲ್ಲ."

ಅವನು ಬಯ್ಯಲಿಲ್ಲ. ಫೋನು ತೆಗೆದು ತನ್ನ ತಂಗಿಯ ಗಂಡ ಗಾಸ್ತೋನನಿಗೆ ಹಚ್ಚಿ, ಮೇಜಿನ ಮೇಲಿಟ್ಟು, ಸ್ಪೀಕರ್ ಒತ್ತಿದ. ನನ್ನ ವೈನು ಹೇಗಿದೆ ಎಂದು ನೇರವಾಗಿ ಕೇಳಿದ. ಗಾಸ್ತೋನ್ ಗಟ್ಟಿ ವೈನು ಭಾವ ಎಂದ. ಬಾತಿಸ್ತ್ ಇಲ್ಲೇ ಕೂತಿದಾನೆ, ಅದನ್ನು ಕುಂಡಕ್ಕೆ ಉಗಿದನಂತೆ ಎಂದ ಫುಲ್ಕ್ರಾನ್. ಆ ಕಡೆ ಕೋಳಿಗಳನ್ನು ಓಡಿಸಿ ಬಾಗಿಲು ಹಾಕಿಕೊಂಡ ಸದ್ದಾಯಿತು.

"ಉಗುದ್ನಾ?" ಎಂದ ಗಾಸ್ತೋನ್. "ಹಂಗಾದ್ರೆ ಹೇಳ್ಬಿಡ್ತೀನಿ ಭಾವ. ನೀನು ಕೊಟ್ಟಿದ್ದನ್ನ ಮೂವತ್ತು ವರ್ಷದಿಂದ ಸಲಾಡಿಗೆ ವಿನೆಗರ್ ಥರ ಹಾಕ್ತಿದೀವಿ."

"ಭಾನುವಾರದ ಸಲಾಡಿಗಾ?"

"ಹೂಂ. ನೀನು ಎರಡೆರಡು ಸಲ ಹಾಕಿಸ್ಕೊಂಡು ತಿಂತೀಯಲ್ಲ, ಅದಕ್ಕೇ."

ಫುಲ್ಕ್ರಾನ್ ಫೋನು ಆರಿಸಿದ. ಲೋಟವನ್ನೆತ್ತಿ ತನ್ನ ವೈನನ್ನು ತಾನೇ, ಬೇರೆಯವರ ಮನೆಯದನ್ನು ರುಚಿ ನೋಡುವವನಂತೆ, ಒಂದು ಗುಟುಕು ಕುಡಿದ. ಮುಖ ಹಿಂಡಿದ. ನನ್ನ ಕಥೆ ಮುಗಿಯಿತು, ಸವಾರಿ ಹೋಯಿತು, ಒಡಿಲ್‌ಗೆ ಏನು ಹೇಳಲಿ ಎಂದು ನಾನು ಹೆಲ್ಮೆಟ್ಟಿಗೆ ಕೈಹಾಕಿದೆ.

"ನಲವತ್ತು ವರ್ಷ," ಎಂದ ಅವನು ನಿಧಾನವಾಗಿ. "ಬಂದೋರೆಲ್ಲ ಒಂದು ಲೋಟ ಕುಡಿದು ಎದ್ದು ಓಡೋರು. ಯಾರೂ ಕೂತು ಮಾತಾಡ್ತಿರ್ಲಿಲ್ಲ. ನಾನು ಅಂದ್ಕೊಂಡಿದ್ದೆ, ಈ ಜನಕ್ಕೆ ನನ್ನ ಕಂಡ್ರೇ ಆಗಲ್ಲ ಅಂತ."

ಹೆಲ್ಮೆಟ್ಟಿನಿಂದ ಕೈ ತೆಗೆದೆ. ನಾಲ್ಕೂರಿನ ಮರ್ಯಾದಸ್ಥರೆಲ್ಲ ಸೇರಿ ಒಬ್ಬ ಮನುಷ್ಯನಿಗೆ ಎಂಥ ಕೆಲಸ ಮಾಡಿದ್ದೆವು.

"ಬರೀ ವೈನಿಗೇನಾ ಬಾತಿಸ್ತ್? ನಿಜ ಹೇಳು. ಬರೀ ವೈನಿಗಾ?"

"ಬರೀ ವೈನಿಗೇ ಕಣೋ. ನಿನ್ನ ಮೇಲೆ ಯಾರಿಗೂ ಏನಿಲ್ಲ."

ಅವನು ನಗತೊಡಗಿದ. ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಳ್ಳುತ್ತ ನಕ್ಕ. ಬೀಗದ ಕೈಯನ್ನು ನನ್ನ ಕಡೆ ತಳ್ಳಿದ. ಆಮೇಲೆ ಬಾಟಲಿಯನ್ನು ಎತ್ತಿಕೊಂಡು ಹೋಗಿ ಬಚ್ಚಲಿಗೆ ಸುರಿದು ಬಂದು, ಇವತ್ತು ಊಟದ ತನಕ ಕೂರುತ್ತೀಯಾ, ಕಾಫಿ ಮಾಡುತ್ತೇನೆ ಎಂದು ಕೇಳಿದ. ನನಗಿನ್ನೂ ಎರಡು ಮನೆ ಬಾಕಿಯಿತ್ತು. ಕೂರುತ್ತೇನೆ ಎಂದೆ.

ಕಾಫಿ ತಂದಿಟ್ಟು, ಎದುರಿಗೆ ಕೂತು, ನನ್ನ ಮುಖವನ್ನೇ ನೋಡುತ್ತಿದ್ದ. ಒಂದು ಗುಟುಕು ಕುಡಿದೆ. ಅದೂ ಚೆನ್ನಾಗಿರಲಿಲ್ಲ. ಹೇಳಿದೆ.