ತೋಕುಜಿ ಕೇಳಿದ್ದು

ಮೂರು ತಿಂಗಳು ಆಸ್ಪತ್ರೆಯಲ್ಲಿದ್ದು ಬಂದ ಗಂಡ ತೋಕುಜಿಯನ್ನು ಸುಮಿಯೆ ಗುರುವಾರ ಸಂಜೆ ಐದಕ್ಕೇ ನೊಬುಕೊ ನಡೆಸುವ ಇಝಾಕಾಯಕ್ಕೆ, ಕುಡಿಯಲು ತಿನ್ನಲು ಸಿಗುವ ಆ ಪುಟ್ಟ ಅಂಗಡಿಗೆ, ಕರೆದುಕೊಂಡು ಹೋದಳು. ಜಪಾನಿನ ಕೊಕುರಾ ಊರಿನ ಆ ಗಲ್ಲಿಯಲ್ಲಿ ತೋಕುಜಿ ಇಪ್ಪತ್ತೆರಡು ವರ್ಷ ಗುರುವಾರ ತಪ್ಪಿಸಿದವನಲ್ಲ. ಲಕ್ವ ಹೊಡೆದಿದ್ದ ಕಾಲು ಸುಧಾರಿಸಿತ್ತು, ಬಲಗೈಯೂ ಅಷ್ಟಿಷ್ಟು ಆಡುತ್ತಿತ್ತು. ಮಾತು ಮಾತ್ರ ಕೈಕೊಟ್ಟಿತ್ತು. ಮನಸ್ಸಿನಲ್ಲಿ ಇರುವುದೊಂದು, ಬಾಯಿಗೆ ಬರುವುದೊಂದು. ಓದಲು ಹೋದರೂ ಅಕ್ಷರ ಹತ್ತುತ್ತಿರಲಿಲ್ಲ.

"ಬನ್ನಿ ಬನ್ನಿ, ತೋಕುಜಿ ಅಣ್ಣ!" ನೊಬುಕೊ ಬಿಸಿ ಟವೆಲ್ ಚಾಚಿದಳು. "ನಿಮ್ಮ ಜಾಗ ಯಾರಿಗೂ ಬಿಟ್ಟುಕೊಟ್ಟಿಲ್ಲ ನೋಡಿ. ಮೊದಲು ಏನು ಕೊಡ್ಲಿ?"

ತೋಕುಜಿ ನೆಟ್ಟಗೆ ಕೂತು ಹಳೆಯ ಗತ್ತಿನಲ್ಲೇ ಹೇಳಿದ. "ಏಣಿ."

ಪಕ್ಕದ ಸ್ಟೂಲಿನಲ್ಲಿದ್ದ ಹಳೆಯ ಗೆಳೆಯ ಹಮಸಾಕಿ ಹೋ ಎಂದು ನಕ್ಕ. "ಸುಟ್ಟಿದ್ದೋ, ಬೇಯಿಸಿದ್ದೋ ಮಾರಾಯ?"

ತೋಕುಜಿಯೂ ನಕ್ಕು ತಲೆಯಾಡಿಸಿದ. ಉಸಿರು ಎಳೆದುಕೊಂಡು ಮತ್ತೆ ಪ್ರಯತ್ನಿಸಿದ. "ಅಲ್ಲ... ಅದು... ಏಣಿ."

ಹಮಸಾಕಿಯ ಮುಖ ಪೆಚ್ಚಾಯಿತು. ಅವನು ಲೋಟ ಕೆಳಗಿಟ್ಟ.

"ಸುಟ್ಟ ಬಂಗುಡೆ ಕೊಟ್ಬಿಡಮ್ಮ, ಮೂಲಂಗೀನೂ ಹಾಕು. ಯಾವಾಗ್ಲೂ ಅದೇ ಅಲ್ವಾ ಇವರದ್ದು," ಎಂದು ಸುಮಿಯೆ ಅವಸರದಿಂದ ಹೇಳಿದಳು.

ಬಂಗುಡೆ ಬಂತು. ತೋಕುಜಿ ಎಡಗೈಯಿಂದ ತಟ್ಟೆಯನ್ನು ಸರಿಸಿದ. ನೊಬುಕೊ ಕಡ್ಡಿಗೆ ಚುಚ್ಚಿ ಸುಟ್ಟ ಕೋಳಿ ತೋರಿಸಿದಳು, ತೋಫು ತೋರಿಸಿದಳು, ಪಾತ್ರೆಗಳ ಮುಚ್ಚಳ ತೆಗೆತೆಗೆದು "ಇದಾ? ಇದಾ ಅಣ್ಣ?" ಎಂದಳು. ಮೊದಮೊದಲು ಅವನು ಇಲ್ಲವೆಂದು ತಲೆಯಾಡಿಸುತ್ತಿದ್ದ. ಆಮೇಲೆ ನೋಡುವುದನ್ನೂ ಬಿಟ್ಟ.

ಅವನು ಹೆಂಡತಿಯ ಮಣಿಕಟ್ಟು ಹಿಡಿದು, ತಿಳಿಯದ ಮಗುವಿಗೆ ಹೇಳಿಕೊಡುವವನಂತೆ ನಿಧಾನವಾಗಿ ಹೇಳಿದ: "ಏ... ಣಿ."

ಮೀನನ್ನು ಅವನು ಯಾವ ಕಡೆಯಿಂದ ಬಿಡಿಸಲು ಶುರುಮಾಡುತ್ತಾನೆಂದು ಸುಮಿಯೆ ಕಣ್ಣು ಮುಚ್ಚಿ ಹೇಳಬಲ್ಲಳು. ಇದು ಮಾತ್ರ ಹೊಳೆಯಲಿಲ್ಲ.

"ಗೊತ್ತಾಗ್ತಿಲ್ಲ ರೀ. ನಿಜವಾಗ್ಲೂ ನಂಗೆ ಗೊತ್ತಾಗ್ತಿಲ್ಲ."

ಅವನು ಕೈ ಬಿಟ್ಟ. ಬಂಗುಡೆಯ ತಟ್ಟೆಯನ್ನು ತಾನೇ ಹತ್ತಿರಕ್ಕೆ ಎಳೆದುಕೊಂಡು, ಒಂದು ಚೂರೂ ಬಿಡದೆ, ಯಾರೋ ಗದರಿಸಿ ಕೂರಿಸಿದವನಂತೆ ತಿಂದು ಮುಗಿಸಿದ. ಹಮಸಾಕಿ ಅವನ ಬಟ್ಟಲಿಗೆ ಚಹಾ ಸುರಿಯುತ್ತಲೇ ಇದ್ದ.

ಮನೆಯ ದಾರಿಯುದ್ದಕ್ಕೂ ಸುಮಿಯೆ ಕೇಳುತ್ತಾ ಬಂದಳು. "ಚಿಪ್ಪಿನ ಸಾರಾ? ಹುರಿದ ಬದನೆಕಾಯಾ? ತಿನ್ನೋದೇ ಅಲ್ವೇನ್ರೀ? ಯಾರನ್ನಾದ್ರೂ ಕೇಳಿದ್ರಾ?" ಸ್ಟೇಷನ್ ಎದುರಿನ ಸಿಗ್ನಲ್ ಹತ್ತಿರ ಬರುವಷ್ಟರಲ್ಲಿ ಅವಳಿಗೆ ಕೇಳಲು ಏನೂ ಉಳಿದಿರಲಿಲ್ಲ. ಹಸಿರು ದೀಪ ಬಿತ್ತು. ತೋಕುಜಿ ಅವಳಿಗಾಗಿ ಕಾಯದೆ ರಸ್ತೆ ದಾಟಿದ.