ಮೂಲೆಯಲ್ಲಿ ಎತ್ತಿದ ಕೈ

ಮೈಕು ಕೊಂಯ್ ಅಂತು, ದೊಡ್ಡಪ್ಪ ಅದನ್ನು ಬೆರಳಿನಿಂದ ತಟ್ಟಿದ, ನನ್ನ ಪಕ್ಕದಲ್ಲಿ ಅಪ್ಪನ ಹಿಮ್ಮಡಿ ಆಗಲೇ ಪ್ರಾರ್ಥನಾಮಂದಿರದ ನೆಲದ ಮೇಲೆ ಆಡುತ್ತಿದೆ, ಹೊಲಿಗೆ ಮಿಷನ್ನು ಬಿಟ್ಟು ಬಂದರೂ ಕಾಲು ಅಲ್ಲೇ ಇದೆ — ಈಗಿನ ಪುಡಿಕವಿಗಳು ಈ ಹಳೆಯ ಪ್ರಾರ್ಥನೆ ಕೇಳಿ ಕಲಿಯಬೇಕು, ಅನ್ನುತ್ತಿದ್ದಾನೆ ದೊಡ್ಡಪ್ಪ, ಪುಡಿಕವಿ, ಆ ಮಾತನ್ನು ನಾನು ಚಿಕ್ಕವಳಿದ್ದಾಗ ಊಟದ ತಟ್ಟೆಯ ಮುಂದೆ ಕಲಿತೆ, ಪುಡಿಕವಿ ಅಂದ್ರೆ ಯಾರು ದೊಡ್ಡಪ್ಪ, ಹೆಂಡತಿ ಬಿಟ್ಟು ಬೇರೆ ಯಾರೂ ಭೇಷ್ ಅನ್ನದವನು ಮಗಳೇ, ಉದಾಹರಣೆಗೆ ನಿಮ್ಮಪ್ಪ, ಎಲ್ಲರೂ ನಕ್ಕರು, ಅಪ್ಪನೂ ನಕ್ಕ, ಅಮ್ಮ ಮಾತ್ರ ಪಾತ್ರೆ ಕುಕ್ಕಿದಳು. ಆಮೇಲೊಂದು ಬೆಳಗ್ಗೆ ಅವಳು ಅಪ್ಪ ಕಟ್ಟಿದ ಈ ಪದವನ್ನೇ ಇಲ್ಲಿ ಹಾಡಿದಾಗ, ಯಾರದಮ್ಮಾ ಇದು ಅಂದವರಿಗೆ ಅಪ್ಪನೇ ಹೇಳಿದ, ಯಾರೋ ಹಿಂದಿನವರದ್ದು, ಮನೆಗೆ ಬಂದು ಅಮ್ಮನ ಹತ್ತಿರ, ನನ್ನದು ಅಂದ್ರೆ ಪುಡಿಕವೀದು ಅಂತ ಬಿಟ್ಟುಬಿಡ್ತಾರೆ ಕಣೇ, ಹಾಡ್ಲಿ ಬಿಡು — ಹಾಡಿದರು, ಅಮ್ಮ ಹೋದಮೇಲೂ ಹಾಡಿದರು.

ದೊಡ್ಡಪ್ಪ ಕಣ್ಣು ಮುಚ್ಚಿದ್ದಾನೆ, ಹರಿದುದನೆ ತಂದಿಹೆನು ನಿನ್ನ ಬಾಗಿಲಿಗೆ, ಹೊಲಿವವನು ನೀನಲ್ಲದೆ — ಇನ್ನಾರು ದೊರೆಯೆ, ಈ ನಿಲುಗಡೆ ಗಮನಿಸಿ, ಇಲ್ಲಿ ಭಕ್ತನ ಗಂಟಲು ಕಟ್ಟಿದೆ, ಮಹಾಕವಿಗಷ್ಟೇ ಸಾಧ್ಯ — ಗಂಟಲೂ ಇಲ್ಲ ಗಿಂಟಲೂ ಇಲ್ಲ, ದೇವರೇ ಕ್ಷಮಿಸು, ನಗು ಬರುತ್ತಿದೆ, ದಿಂಬಿನ ಚೀಲದ ಮೂಲೆ ಅದು, ಅಪ್ಪ ತುಳಿಯುತ್ತಾ ಪದ ಕಟ್ಟುತ್ತಿದ್ದ, ಮೂಲೆ ಬಂದರೆ ಕಾಲು ನಿಲ್ಲಬೇಕು, ಬಲಗೈ ಸೂಜಿಯ ಹಿಂದೆ ಹೋಗಿ ಬಟ್ಟೆ ಒತ್ತಿಹಿಡಿಯುವ ಸಣ್ಣ ಹಿಡಿ ಎತ್ತಬೇಕು, ಬಟ್ಟೆ ತಿರುಗಬೇಕು, ಆಮೇಲೆ ಇನ್ನಾರು. ಗುಂಡಿ ಹಚ್ಚುತ್ತಾ ಕೂತ ನಾನೂ ಅಲ್ಲಿ ಸೂಜಿ ನಿಲ್ಲಿಸುತ್ತಿದ್ದೆ, ನಾನು ಹುಟ್ಟುವ ಮುಂಚೆ ಅದೇ ಕೋಣೆಯಲ್ಲಿ ಪರೀಕ್ಷೆಗೆ ಓದುತ್ತಿದ್ದ ದೊಡ್ಡಪ್ಪ, ನಿಲ್ಸೋ ನಿನ್ನ ಟಕಟಕ, ಅಂತ ಬೈಯುತ್ತಿದ್ದನಂತೆ — ಎಲ್ಲರೂ ಎದ್ದಿದ್ದೇವೆ, ಹಾಡು ಏರುತ್ತಿದೆ, ಹೇಳಿಬಿಡಲೇ, ದೊಡ್ಡವರ ಮುಂದೆ ಎಂದೂ ಬಾಯಿ ಬಿಟ್ಟವಳಲ್ಲ, ನೀನಲ್ಲದೆ — ಸಭೆಯೆಲ್ಲ ನಿಂತಿತು, ಆ ಮೌನದಲ್ಲಿ ಅಪ್ಪನ ಬಲಗೈ, ತನಗೇ ಗೊತ್ತಿಲ್ಲದ ಹಾಗೆ, ಮೇಲೆದ್ದು ಅಲ್ಲಿಲ್ಲದ ಹಿಡಿಯನ್ನು ಎತ್ತಿತು, ವೇದಿಕೆಯಿಂದ ದೊಡ್ಡಪ್ಪ ನೋಡಿದ, ಇನ್ನಾರು ಅಂತ ಎಲ್ಲರೂ ಮುಂದೆ ಹೋದರು, ಅವನು ಹೋಗಲಿಲ್ಲ, ಲೋ, ಇದು ನಿಂದೇನೋ — ಮೈಕು ಆ ಮಾತನ್ನು ಕೊನೆಯ ಸಾಲಿನವರೆಗೂ ಒಯ್ದಿತು, ಹೂಂ ಕಣಣ್ಣಾ, ಮೂಲೆ ಬಂದಿತ್ತು, ಅಷ್ಟೇ — ತಲೆಗಳೆಲ್ಲ ಇತ್ತ ತಿರುಗಿವೆ, ಅಮ್ಮಾ, ಕೇಳಿಸಿತಾ, ಪುಡಿಕವಿ ಅಂದ್ರೆ ಯಾರು ದೊಡ್ಡಪ್ಪ, ಈಗ ಕೊಡು ಉದಾಹರಣೆ, ಯಾರೋ ಮತ್ತೆ ಮೊದಲಿಂದ ಎತ್ತಿಕೊಂಡರು, ಯಾರೋ ಏನು, ನನ್ನದೇ ದನಿ, ಇಷ್ಟು ಜೋರಾಗಿ ನನ್ನದೇ, ಹರಿದುದನೆ ತಂದಿಹೆನು, ಮಂದಿರವೆಲ್ಲ ನನ್ನ ಹಿಂದೆ, ಹೊಲಿವವನು ನೀನಲ್ಲದೆ, ಮತ್ತೆ ಮೂಲೆ, ಇಲ್ಲಿ ಅಪ್ಪನ ಕೈ, ಅಲ್ಲಿ ಮೈಕು ಬಿಟ್ಟ ದೊಡ್ಡಪ್ಪನ ಕೈ, ಎತ್ತಿದ ಕೈ, ಎತ್ತಿದ ಕೈ