ಮನೆಯವಳ ಫೋನಿನ ವೇಗ

ನನ್ನ ಗಂಡನಿಗೆ ಕಾಗದದ ಗೋದಾಮಿನಲ್ಲಿ ಮೇಲ್ವಿಚಾರಕನ ಕೆಲಸ. ಮನೆಯಲ್ಲಿ ಮಾತ್ರ ಅವರು ಬ್ಯಾಟರಿ ಡಾಕ್ಟ್ರು. ಬಿರುದು ಕೊಟ್ಟವಳು ನಾನೇ. ಅವರಿಗೆ ಅದು ಹೊಗಳಿಕೆ ಅನ್ನಿಸಿಬಿಟ್ಟಿದೆ, ಏನ್ಮಾಡೋದು! ಅದ್ಯಾವುದೋ ವಿಡಿಯೋ ನೋಡಿದ್ದೇ ತಡ, ಒಂದು ಆ್ಯಪ್ ಹಾಕಿಕೊಂಡು ಫೋನು ಎಷ್ಟು ವೇಗದಲ್ಲಿ ಚಾರ್ಜ್ ಆಗಬೇಕು, ಎಲ್ಲಿಗೆ ನಿಲ್ಲಬೇಕು ಅಂತ ಅಪ್ಪಣೆ ಹೊರಡಿಸತೊಡಗಿದರು. ನನ್ನ ಫೋನಿಗೂ ಅದನ್ನೇ ಹಾಕಿ ನಾಲ್ಕಂಕಿಯ ಪಿನ್ ಜಡಿದರು. ಎರಡಕ್ಕೂ ಒಂದೇ ಪಿನ್, ಎರಡರ ಲಗಾಮೂ ಅವರ ಫೋನಿನಲ್ಲೇ.

"ಬೇಗ ಚಾರ್ಜ್ ಆದ್ರೆ ಬಿಸಿಯಾಗುತ್ತೆ ಕಣೇ. ಬಿಸಿಯಾದ್ರೆ ಆಯಸ್ಸು ಕಡಿಮೆ. ನಿಧಾನಕ್ಕೆ ಆಗ್ಲಿ, ಎಂಬತ್ತಕ್ಕೆ ನಿಲ್ಲಲಿ. ರಾತ್ರಿಯಂತೂ ಹಾಕಲೇಬೇಡ. ಈ ಆ್ಯಪ್ ತೆಗೆದುಹಾಕೋಕೂ ಪಿನ್ ಬೇಕು, ಅಷ್ಟು ಭದ್ರ!"

ದಿನಾ ಎಂಟು ಗಂಟೆ ಲ್ಯಾಬಿನಲ್ಲಿ ನಿಂತು ಊರವರ ರಕ್ತ ತೆಗೆಯುವವಳು ನಾನು. ನನ್ನ ಮೊಣಕಾಲಿನ ಆಯಸ್ಸು ಎಷ್ಟು ಅಂತ ಈ ಡಾಕ್ಟ್ರು ಒಂದು ದಿನವೂ ಕೇಳಿದವರಲ್ಲ.

ನಮ್ಮ ಲ್ಯಾಬಿನವರು ಹೊಸ ಶಾಖೆ ತೆರೆಯುತ್ತಿದ್ದರು. ಅದಕ್ಕೆ ಮುಖ್ಯಸ್ಥೆಯ ಹುದ್ದೆ. ಹನ್ನೊಂದು ವರ್ಷ ಸೂಜಿ ಹಿಡಿದ ಮೇಲೆ ಒಂದು ಕುರ್ಚಿ, ವರದಿಯ ಕೆಳಗೆ ನನ್ನದೇ ಸಹಿ. ನನಗೆ ಅದು ಬೇಕಿತ್ತು. ಬೇಕಿತ್ತು ಅಂದ್ರೆ ಊಟ ಸೇರದಷ್ಟು ಬೇಕಿತ್ತು. ಮಂಗಳವಾರ ಹನ್ನೊಂದಕ್ಕೆ ವಿಡಿಯೋದಲ್ಲಿ ಸಂದರ್ಶನ ಅಂತ ತಿಳಿಸಿದರು.

ಅವತ್ತು ರಜೆ ಹಾಕಿದ್ದೆ. ಬೆಳಗ್ಗೆ ಏಳಕ್ಕೆ ನೋಡಿದರೆ ಫೋನಿನಲ್ಲಿ ಬರೀ ಐದು ಪರ್ಸೆಂಟ್. ಶೂ ಹಾಕಿಕೊಳ್ಳುತ್ತಿದ್ದ ಇವರ ಹತ್ತಿರ ಓಡಿದೆ.

"ರೀ, ಇವತ್ತೊಂದು ದಿನ ಪಿನ್ ಹೇಳಿ. ವೇಗ ಜಾಸ್ತಿ ಮಾಡ್ಕೋತೀನಿ."

"ಒಂದು ಸಲ ಶಿಸ್ತು ತಪ್ಪಿದ್ರೆ ಮುಗೀತು. ನಾಲ್ಕು ಗಂಟೆ ಇದೆಯಲ್ಲ, ಅಷ್ಟರಲ್ಲಿ ಇಪ್ಪತ್ತಾದರೂ ಆಗುತ್ತೆ. ಅರ್ಧ ಗಂಟೆ ಮಾತಾಡೋಕೆ ಧಾರಾಳ ಸಾಕು" ಅಂದವರೇ ಹೊರಟುಹೋದರು.

ಹನ್ನೊಂದಕ್ಕೆ ಹತ್ತೊಂಬತ್ತಾಗಿತ್ತು. ಚಾರ್ಜರ್ ಚುಚ್ಚಿಕೊಂಡೇ ಕೂತೆ. ಆ ಕಡೆ ಮೂವರು, ಮಧ್ಯದಲ್ಲಿ ದೊಡ್ಡ ಡಾಕ್ಟರಮ್ಮ. ಕೇಳಿದ್ದಕ್ಕೆಲ್ಲ ಪಟಪಟ ಹೇಳುತ್ತಿದ್ದೆ, ಕಣ್ಣು ಮಾತ್ರ ಮೂಲೆಯ ಅಂಕಿಯ ಮೇಲೆ. ಹದಿನಾಲ್ಕು. ಒಂಬತ್ತು. ಚಾರ್ಜರ್ ಚಮಚದಲ್ಲಿ ತುಂಬುತ್ತಿತ್ತು, ವಿಡಿಯೋ ಬಕೆಟ್ಟಿನಲ್ಲಿ ಚೆಲ್ಲುತ್ತಿತ್ತು.

"ಕೊನೇ ಪ್ರಶ್ನೆ" ಅಂದರು ಡಾಕ್ಟರಮ್ಮ. "ಕೆಲಸದ ಮಧ್ಯೆ ಮಷಿನ್ ಕೈಕೊಟ್ರೆ ಏನ್ಮಾಡ್ತೀರಿ?"

"ಮೊದಲನೆಯದಾಗಿ ಮೇಡಂ..." ಅಂದೆ. ಫೋನು ಕಪ್ಪಗಾಯಿತು.

ಅಯ್ಯೋ ನನ್ನ ಕರ್ಮವೇ! ಅಳು ಒತ್ತರಿಸಿ ಬಂತು. ಬಟ್ಟೆ ಮಡಚುತ್ತಿದ್ದ ನಮ್ಮತ್ತೆ ಬಾಗಿಲಲ್ಲಿ ನಿಂತು ನೋಡಿದರು. ಒಳಗೆ ಹೋಗಿ ತಮ್ಮ ಗುಂಡಿ ಫೋನು ತಂದು ಕೈಗಿಟ್ಟರು.

"ತಗೋಮ್ಮಾ. ಇದಕ್ಕೆ ಅವನ ವೈದ್ಯ ನಡೆಯಲ್ಲ."

ಲ್ಯಾಬಿನ ನಂಬರು ಬಾಯಿಪಾಠ. ಒತ್ತಿದೆ, ಡಾಕ್ಟರಮ್ಮನಿಗೆ ಕೊಡಿ ಅಂದೆ.

"ಮೇಡಂ, ನನ್ನ ಮಷಿನ್ ಕೈಕೊಡ್ತು. ಇನ್ನೊಂದು ಹುಡುಕಿಕೊಂಡು ಕೆಲಸ ಮುಂದುವರಿಸ್ತಾ ಇದೀನಿ. ನಿಮ್ಮ ಪ್ರಶ್ನೆಗೆ ಇದೇ ಉತ್ತರ."

ಆ ಕಡೆ ನಗು ಕೇಳಿಸಿತು. ಆಮೇಲೆ, "ಸರಿ, ತಿಳಿಸ್ತೀವಿ."

ಸಂಜೆ ಬಂದ ಇವರು ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ಫೋನನ್ನು.

"ಪೂರ್ತಿ ಸೊನ್ನೆಗೆ ಇಳಿಸಿದ್ದೀಯಾ? ಬ್ಯಾಟರಿಗೆ ಎಂಥ ಪೆಟ್ಟು ಗೊತ್ತಾ?" ಅಂತ ತಮ್ಮ ಫೋನಿನಲ್ಲಿ ಆ್ಯಪ್ ತೆರೆದು, ಪಾಠ ಮಾಡಲು ನನ್ನ ಮುಂದೆ ಹಿಡಿದರು. ಅಲ್ಲಿ ಅವರೇ ಹೆಸರಿಟ್ಟ ಎರಡು ಸಾಲು. 'ಮನೆಯವಳು: ನಿಧಾನ, ಎಂಬತ್ತು.' ಅದರ ಮೇಲೆ, 'ಸಾಹೇಬ್ರು: ಅತಿ ವೇಗ, ನೂರು.'

"ನಿಮ್ಮದು ಬಿಸಿಯಾಗಲ್ವಾ?"

"ನನಗೆ ಕೆಲಸ ಇರುತ್ತಲ್ಲ ಕಣೇ."

ಮೈಯೆಲ್ಲ ಉರಿದುಹೋಯಿತು. ಹನ್ನೊಂದು ವರ್ಷ ದಿನಾ ಬೆಳಗ್ಗೆ ನಾನು ಹೋಗಿದ್ದು ಎಲ್ಲಿಗೆ ಅಂದುಕೊಂಡಿದ್ದಾರೆ, ಗಾಳಿ ಸೇವನೆಗಾ? ಸಂದರ್ಶನ ಹೇಗಾಯ್ತು ಅಂತ ಆಗಲೂ ಕೇಳಲಿಲ್ಲ. ಫೋನನ್ನು ನನ್ನ ಕೈಯಲ್ಲೇ ಬಿಟ್ಟು, "ಓದಿ ಅರ್ಥ ಮಾಡ್ಕೋ" ಅಂತ ಸ್ನಾನಕ್ಕೆ ಹೋದರು.

ಓದಿದೆ, ಅರ್ಥವೂ ಆಯಿತು. ನನ್ನ ಫೋನನ್ನು 'ಸಾಹೇಬ್ರು' ಸಾಲಿಗೆ ಹಾಕಿದೆ, ಅವರದ್ದನ್ನು 'ಮನೆಯವಳು' ಸಾಲಿಗೆ ಇಳಿಸಿದೆ. ಆ್ಯಪ್ ತೆರೆದೇ ಇತ್ತಲ್ಲ, ಪಿನ್ನನ್ನೂ ಬದಲಾಯಿಸಿದೆ.

ಶುಕ್ರವಾರ ಪತ್ರ ಬಂತು. ಹುದ್ದೆ ನನಗೇ. ಅತ್ತೆ ಎರಡು ಸಲ ಓದಿಸಿ ಕೇಳಿದರು. ಇವರು ಚಾರ್ಜರ್ ಪಕ್ಕದಲ್ಲೇ ಠಿಕಾಣಿ ಹೂಡಿದ್ದರು. ಮಧ್ಯಾಹ್ನದ ಹೊತ್ತಿಗೆಲ್ಲ ಫೋನು ಸತ್ತು, ಗೋದಾಮಿನಲ್ಲಿ ಮೂರು ದಿನದಿಂದ ಬೈಗುಳ ತಿಂದಿದ್ದರು ಪಾಪ.

"ಆ ಪಿನ್ ಏನು ಅಂತ ಹೇಳೇ ಮಾರಾಯ್ತಿ!"

"ನಾನು ಲ್ಯಾಬಿಗೆ ಸೇರಿದ ತಾರೀಖು, ತಿಂಗಳು. ಹಾಕಿ, ತೆರೆಯುತ್ತೆ."

ಮುಖ ನೋಡಬೇಕಿತ್ತು! ತಮ್ಮ ಹುಟ್ಟಿದ ದಿನ ಹಾಕಿದರು, ಮದುವೆ ದಿನ ಹಾಕಿದರು, ಫೋನು ಕೊಂಡ ದಿನವನ್ನೂ ಹಾಕಿದರು. ಆಮೇಲೆ ಮೆಲ್ಲಗೆ ಅಮ್ಮನ ಹತ್ತಿರ ಹೋದರು.

"ಗೊತ್ತಪ್ಪಾ" ಅಂದರು ಅತ್ತೆ, ಮಡಚುತ್ತಿದ್ದ ಬಟ್ಟೆಯಿಂದ ತಲೆ ಎತ್ತದೆ. "ಅವತ್ತು ಅವಳ ಬಿಳಿ ಕೋಟಿಗೆ ಗುಂಡಿ ಹೊಲಿದುಕೊಟ್ಟವಳೇ ನಾನು. ಆದ್ರೆ ಹೇಳಲ್ಲ."

ಹದಿನೇಳು ದಿನ ಆಯಿತು. ಇನ್ನೂ ಒತ್ತುತ್ತಲೇ ಇದ್ದಾರೆ.